ಕುರ್ಲಾದಲ್ಲಿ ಹುಟ್ಟಿದ ಕಾರು: ಉಳಿಸುವವರು ಯಾರು?

ದೇವಾಲಯದ ಶಾಸನಕ್ಕೆ, ತಾಳೆಗರಿಯ ಓಲೆಗೆ, ಕೋಟೆಯ ಬುರುಜಿಗೆ ಇತಿಹಾಸವಿದೆ ಎಂದರೆ ಯಾರೂ ಅಲ್ಲಗಳೆಯುವುದಿಲ್ಲ. ಮೋಟಾರು ಕಾರಿಗೂ ಇತಿಹಾಸವಿದೆ, ಅದನ್ನೂ ಕಾಪಾಡಬೇಕು ಎಂದರೆ ಮಾತ್ರ ನಮ್ಮಲ್ಲಿ ಹಲವರು ಮುಗುಳ್ನಗುತ್ತಾರೆ. "ಅದೆಲ್ಲ ದುಡ್ಡಿದ್ದವರ ಷೋಕಿ" ಎಂದು ಮಾತು ಮುಗಿಸುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹಳೆಯ ಕಾರುಗಳನ್ನು ಕೊಂಡು, ದುರಸ್ತಿ ಮಾಡಿಸಿ, ತೊಳೆದು ಒರೆಸಿ ಇಟ್ಟುಕೊಂಡವರಲ್ಲಿ ಅರಸು ಮನೆತನದವರೂ ಉದ್ಯಮಪತಿಗಳೂ ಹೆಚ್ಚು. ಆದರೆ ಅವರ ಹಟದಿಂದಲೇ ಈ ದೇಶದಲ್ಲಿ ಒಂದಷ್ಟು ಹಳೆಯ ಗಾಡಿಗಳು ಉಳಿದವು, ಅವುಗಳಿಗಾಗಿ ಕಾನೂನಿನಲ್ಲಿ ಒಂದು ಜಾಗವೂ ಆಯಿತು. ಆ ಜಾಗದಲ್ಲಿ ನಮ್ಮನಿಮ್ಮಂಥವರ ಕಾರಿಗೆ ಸ್ಥಳವಿದೆಯೇ ಎಂಬುದೇ ಈಗಿನ ಪ್ರಶ್ನೆ.

ಈ ವಿಷಯದಲ್ಲಿ ನನಗೆ ಸ್ವಂತ ಲಾಭವೇನೂ ಇಲ್ಲವೆಂದು ಮೊದಲಿಗೇ ಹೇಳಿಬಿಡುತ್ತೇನೆ. ವಿಠ್ಠಲವಾಡಿಯಿಂದ ದಿನಾಲು ಲೋಕಲ್ ಗಾಡಿ ಹಿಡಿದು ಕಚೇರಿಗೆ ಹೋಗಿಬರುವ ಕೇಂದ್ರ ಸರಕಾರದ ಗುಮಾಸ್ತ ನಾನು, ಕಾರು ಇಟ್ಟುಕೊಂಡವನಲ್ಲ. ಸುತ್ತೋಲೆ, ಅಧಿಸೂಚನೆ ಓದುವುದು ಕಸುಬು. ಯಂತ್ರಗಳ ಬಗ್ಗೆ ಕುತೂಹಲ ಬಿ.ಎಸ್ಸಿ. ಓದಿನಿಂದ ಬಂದದ್ದು. ಇವೆರಡೂ ಸೇರಿ ಈ ಲೇಖನವಾಯಿತು.

2023ನೆಯ ಇಸವಿ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಮುಂಬಯಿಯ ಪತ್ರಿಕೆಗಳಲ್ಲಿ ಒಂದು ಸುದ್ದಿ ಬಂದಿತು. 2003ರ ಅಕ್ಟೋಬರ್ 29ರಂದು ತಾಡದೇವದ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯಾಗಿದ್ದ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗೆ 20 ವರ್ಷ ತುಂಬಿತು. ಟ್ಯಾಕ್ಸಿಗಳ ವಯೋಮಿತಿ 20 ವರ್ಷ. ಹೀಗಾಗಿ ಅಕ್ಟೋಬರ್ 30ರಿಂದ ಮುಂಬಯಿ ರಸ್ತೆಗಳಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲವಾಯಿತು. ಕಾಳಿ–ಪೀಲಿ ಬಣ್ಣ ಬೇರೆ ಕಾರುಗಳ ಮೇಲೆ ಉಳಿಯಿತು. ಆ ಬಣ್ಣವನ್ನು ಹೊತ್ತು ತಿರುಗಿದ ಹಳೆಯ ಗಾಡಿ ಹೋಯಿತು. ಅದೇ ವರ್ಷ ಸೆಪ್ಟೆಂಬರ್ 15ರಂದು ಬೆಸ್ಟ್ ಸಂಸ್ಥೆಯ ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸು ತನ್ನ ಕೊನೆಯ ಫೇರಿ ಮುಗಿಸಿತ್ತು. ಒಂದೂವರೆ ತಿಂಗಳಲ್ಲಿ ನಗರದ ಎರಡು ಗುರುತುಗಳು ಅಳಿಸಿಹೋದವು. ಕನಿಷ್ಠ ಒಂದು ಪದ್ಮಿನಿ ಟ್ಯಾಕ್ಸಿಯನ್ನಾದರೂ ಸರಕಾರ ಕಾಪಾಡಿ ಇಡಬೇಕೆಂದು ಟ್ಯಾಕ್ಸಿ ಚಾಲಕರ ಯೂನಿಯನ್ನು ಮೊದಲೇ ಮನವಿ ಮಾಡಿಕೊಂಡಿತ್ತು. ಆಗ ಅದು ಫಲಿಸಲಿಲ್ಲ.

ಹಳೆಯ ಕಾರನ್ನು ಉಳಿಸುವ ಚಳವಳಿಯ ಅಗತ್ಯವೇನೆಂದು ಯಾರಾದರೂ ಕೇಳಿದರೆ ಈ ಮನವಿಯನ್ನು ತೋರಿಸಬಹುದು. ಇದರ ಬೆಲೆ ತಿಳಿಯಬೇಕಾದರೆ ಆ ಕಾರು ಎಲ್ಲಿಂದ ಬಂತೆಂಬುದನ್ನು ನೋಡಬೇಕು. ಅದರ ಬೇರು ಹುಡುಕುತ್ತ ಹೋದರೆ ಒಬ್ಬ ಹಿರಿಯ ಕನ್ನಡಿಗರ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ವಿಶ್ವೇಶ್ವರಯ್ಯನವರ ಯೋಜನೆ

ಮುಂಬಯಿ ಮೊದಲಿನಿಂದಲೂ ಮೋಟಾರಿನ ಊರು. ಇಲ್ಲಿನ ಮೋಟಾರು ಒಡೆಯರ ಸಂಘವಾದ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಶನ್ 1919ರಷ್ಟು ಹಿಂದೆಯೇ ಸ್ಥಾಪನೆಯಾಯಿತು. 1928ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಕಂಪೆನಿ ಶಿವಡಿಯಲ್ಲಿ ಕಾರ್ಖಾನೆ ತೆರೆಯಿತು. ಕಾರ್ಖಾನೆ ಎಂದರೆ ಬಿಡಿಭಾಗಗಳನ್ನು ಪೆಟ್ಟಿಗೆಗಳಲ್ಲಿ ಹಡಗಿನಿಂದ ಇಳಿಸಿ ಇಲ್ಲಿ ಜೋಡಿಸುವ ಸ್ಥಳ, ಅಷ್ಟೆ. ಇಂಜಿನು ಅಲ್ಲಿಯದು, ಉಕ್ಕು ಅಲ್ಲಿಯದು, ಲಾಭವೂ ಅಲ್ಲಿಗೆ. ನಮ್ಮ ಪಾಲಿಗೆ ಸ್ಪಾನರು ತಿರುಗಿಸುವ ಕೆಲಸ.

ಇದು ಸರಿಯಲ್ಲ, ಕಾರು ಈ ದೇಶದಲ್ಲೇ ತಯಾರಾಗಬೇಕು ಎಂದು ಲೆಕ್ಕಪತ್ರ ಸಮೇತ ವಾದಿಸಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಮೈಸೂರಿನ ದಿವಾನರಾಗಿ 1912ರಿಂದ 1918ರ ತನಕ ಅವರು ಮಾಡಿದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1884ರಿಂದ ಸುಮಾರು ಕಾಲು ಶತಮಾನ, ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದವರು ಎಂಬುದನ್ನು ಇಲ್ಲಿಯ ಕನ್ನಡಿಗರು ನೆನೆಯಬೇಕು. 1934ರಲ್ಲಿ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆ ಬೇಕೆಂದು ಪುಸ್ತಕ ಬರೆದ ಅವರು, ಎಪ್ಪತ್ತನ್ನು ದಾಟಿದ ಆ ವಯಸ್ಸಿನಲ್ಲಿ ಯುರೋಪು, ಅಮೆರಿಕಗಳಿಗೆ ಹೋಗಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿಕೊಂಡು ಬಂದು ಮುಂಬಯಿಯಲ್ಲಿ ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದರು ಅವರ ಬೆನ್ನಿಗೆ ನಿಂತರು.

ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ಯೋಜನೆಗೆ ಒಲವು ತೋರಿತು. 1939ರಲ್ಲಿ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಅನಂತರ ದೃಷ್ಟಿ ಬೆಂಗಳೂರಿನ ಕಡೆ ಹರಿಯಿತು. ಮೈಸೂರು ಸಂಸ್ಥಾನ ಕೈಗೂಡಿಸಲು ಮುಂದೆ ಬಂದಿತ್ತು. ಅಮೆರಿಕದ ಕ್ರೈಸ್ಲರ್ ಕಂಪೆನಿಯೊಡನೆ 1940ರಲ್ಲಿ ಒಪ್ಪಂದವೂ ಆಯಿತು. ಆದರೆ ಯುದ್ಧಕಾಲ, ದಿಲ್ಲಿಯ ಬ್ರಿಟಿಷ್ ಸರಕಾರಕ್ಕೆ ಭಾರತದಲ್ಲಿ ಕಾರು ತಯಾರಾಗುವುದು ಬೇಕಿರಲಿಲ್ಲ, ಒಪ್ಪಿಗೆ ಸಿಗಲಿಲ್ಲ. ಅದೇ ವಾಲಚಂದರು ಮೈಸೂರು ಸರಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಆರಂಭಿಸಿದರು. ಅದೇ ಮುಂದೆ ಎಚ್.ಎ.ಎಲ್. ಆಯಿತು. ಕಾರಿನ ಕನಸು ನನಸಾದದ್ದು ಮುಂಬಯಿಯಲ್ಲಿ. 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ಡಾಜ್ ಗಾಡಿಗಳು ಹೊರಬಂದವು.

ಬೆಂಗಳೂರಿಗೆ ವಿಮಾನ ಬಂತು, ಮುಂಬಯಿಗೆ ಕಾರು ಬಂತು. ಎರಡೂ ಒಂದೇ ಬಿತ್ತನೆಯ ಬೆಳೆ. ಎಚ್.ಎ.ಎಲ್. ನಮ್ಮ ಹೆಮ್ಮೆ ಎನ್ನುತ್ತೇವೆ. ಕುರ್ಲಾದ ಕಾರಿನ ಮೇಲೂ ಒಬ್ಬ ಕನ್ನಡಿಗರ ಲೆಕ್ಕಾಚಾರದ ಋಣವಿದೆ ಎಂಬುದನ್ನು ಮಾತ್ರ ಮರೆತಿದ್ದೇವೆ.

ಡುಕ್ಕರ್ ಫಿಯೆಟ್‌ನಿಂದ ಪದ್ಮಿನಿಯ ತನಕ

ಸ್ವಾತಂತ್ರ್ಯ ಬಂದ ಮೇಲೆ ಸರಕಾರದ ಧೋರಣೆ ಬದಲಾಯಿತು. ಬರೀ ಜೋಡಣೆ ಮಾಡುವ ಕಂಪೆನಿಗಳು ಇಲ್ಲಿಯೇ ತಯಾರಿಸಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು ಎಂಬ ನೀತಿ 1953ರಲ್ಲಿ ಬಂತು. ಜನರಲ್ ಮೋಟರ್ಸ್, ಫೋರ್ಡ್ ಎರಡೂ 1954ರ ಹೊತ್ತಿಗೆ ಕೈಬಿಟ್ಟವು. ಕಣದಲ್ಲಿ ಉಳಿದ ಮುಖ್ಯರು ಮೂವರು: ಕಲ್ಕತ್ತಾ ಬಳಿಯ ಉತ್ತರಪಾಡಾದ ಹಿಂದುಸ್ತಾನ್ ಮೋಟರ್ಸ್, ಮದ್ರಾಸಿನ ಸ್ಟ್ಯಾಂಡರ್ಡ್, ಕುರ್ಲಾದ ಪ್ರೀಮಿಯರ್. ಪ್ರೀಮಿಯರ್‌ನವರು ಇಟಲಿಯ ಫಿಯೆಟ್ ಕಂಪೆನಿಯ ಜೊತೆ ಸೇರಿ 1954ರಲ್ಲಿ ಫಿಯೆಟ್ 1100 ಕಾರನ್ನು ತಂದರು. ಬೆನ್ನು ಉಬ್ಬಿ, ಮೂತಿ ಮುಂದಾಗಿದ್ದ ಆ ಗಾಡಿಯನ್ನು ಮುಂಬಯಿಯ ಜನ "ಡುಕ್ಕರ್ ಫಿಯೆಟ್" ಎಂದು ಕರೆದರು. ಡುಕ್ಕರ್ ಎಂದರೆ ಮರಾಠಿಯಲ್ಲಿ ಹಂದಿ. ಬೈಗುಳದಂತೆ ಕಂಡರೂ ಅದು ಮುದ್ದಿನ ಹೆಸರೇ.

1964ರಲ್ಲಿ ಅದರ ಹೊಸ ರೂಪವಾದ ಫಿಯೆಟ್ 1100 ಡಿಲೈಟ್ ಬಂತು. 1970ರ ದಶಕದಲ್ಲಿ ಫಿಯೆಟ್ ಹೆಸರು ಹೋಗಿ ಅದೇ ಗಾಡಿ ಪ್ರೀಮಿಯರ್ ಪ್ರೆಸಿಡೆಂಟ್ ಎನಿಸಿಕೊಂಡಿತು. ಬಳಿಕ ಚಿತ್ತೋಡದ ರಾಣಿಯ ಹೆಸರಿಟ್ಟುಕೊಂಡು ಪ್ರೀಮಿಯರ್ ಪದ್ಮಿನಿಯಾಯಿತು. 1089 ಸಿ.ಸಿ. ಇಂಜಿನು, ಸುಮಾರು 40 ಅಶ್ವಶಕ್ತಿ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ. ಮುಂದಿನ ಸೀಟು ಉದ್ದಕ್ಕೆ ಒಂದೇ ಆಗಿದ್ದುದರಿಂದ ಚಾಲಕನ ಪಕ್ಕದಲ್ಲಿ ಇಬ್ಬರು ಒತ್ತಿ ಕೂರಬಹುದಿತ್ತು. ಆ ಕಾಲದಲ್ಲಿ ಕಾರು ಬೇಕೆಂದರೆ ಹಣ ಕಟ್ಟಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕಾರು ಬಂದ ದಿನ ಮನೆಯಲ್ಲಿ ಆರತಿ, ತೆಂಗಿನಕಾಯಿ, ಚಕ್ರಗಳ ಕೆಳಗೆ ನಿಂಬೆಹಣ್ಣು. ಡಾಕ್ಟರು, ವಕೀಲರು, ಹೋಟೆಲಿನ ಧಣಿಗಳು, ಬ್ಯಾಂಕಿನ ಮ್ಯಾನೇಜರರು ಏರಿದ ಕಾರು ಅದು. ಕಾರು ಕೊಳ್ಳಲಾರದವರೂ ಏರಿದ ಕಾರು ಅದು. ಮಗುವನ್ನು ಆಸ್ಪತ್ರೆಗೆ ಒಯ್ಯುವಾಗ, ಊರಿನಿಂದ ಬಂದ ಅಜ್ಜಿಯನ್ನು ಬೋರಿಬಂದರಿನಿಂದ ಕರೆತರುವಾಗ, ಮದುಮಕ್ಕಳನ್ನು ಮನೆ ತುಂಬಿಸಿಕೊಳ್ಳುವಾಗ ಟ್ಯಾಕ್ಸಿಯಾಗಿ ಬಂದು ಬಾಗಿಲಲ್ಲಿ ನಿಂತದ್ದು ಅದೇ ಪದ್ಮಿನಿ.

ಮೇಲ್ಭಾಗ ಹಳದಿ ದೂರದಿಂದ ಕಾಣಲೆಂದು, ಕೆಳಭಾಗ ಕಪ್ಪು ಕೊಳೆ ಕಾಣದಿರಲೆಂದು ಈ ಬಣ್ಣಗಳನ್ನು ಆರಿಸಿದರೆಂದು ಟ್ಯಾಕ್ಸಿ ಯೂನಿಯನ್ನಿನ ಹಿರಿಯರು ಹೇಳುತ್ತ ಬಂದಿದ್ದಾರೆ. 1990ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ಸುಮಾರು 63 ಸಾವಿರ ಕಾಳಿ–ಪೀಲಿಗಳಿದ್ದವೆಂಬುದು ಅವರದೇ ಲೆಕ್ಕ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಪದ್ಮಿನಿಯ ಗ್ರಹಚಾರ ತಿರುಗಿತು. ನಮ್ಮ ಕಲ್ಯಾಣ–ಡೊಂಬಿವಲಿ ಭಾಗದವರಿಗೆ ಇದರ ಇನ್ನೊಂದು ಅಧ್ಯಾಯ ಹತ್ತಿರದ್ದು. ಪ್ರೀಮಿಯರ್‌ನವರ ಮತ್ತೊಂದು ಕಾರ್ಖಾನೆ ಈ ಸೀಮೆಯಲ್ಲೇ ಇತ್ತು. 1990ರ ದಶಕದ ನಡುವೆ ಫ್ರಾನ್ಸಿನ ಪೆಜೊ ಕಂಪೆನಿಯೊಡನೆ ಕೂಡಿ ಪೆಜೊ 309 ಕಾರನ್ನು ಇಲ್ಲಿ ತಯಾರಿಸಿದರು. ಕಾರ್ಮಿಕ ಕಲಹದ ನಡುವೆ ಆ ದಶಕ ಮುಗಿಯುವ ಮೊದಲೇ ಅದು ನಿಂತುಹೋಯಿತು. 2000ದ ಸುಮಾರಿಗೆ ಪದ್ಮಿನಿಯ ತಯಾರಿಕೆಯೂ ನಿಂತಿತು. ವಿಠ್ಠಲವಾಡಿಯಿಂದ ಎರಡು ಮೂರು ಸ್ಟೇಷನ್ ಆಚೆ ಒಂದು ಕಾಲಕ್ಕೆ ಕಾರುಗಳು ತಯಾರಾಗುತ್ತಿದ್ದವೆಂದು ಇಂದಿನ ಮಕ್ಕಳಿಗೆ ಹೇಳಿದರೆ ನಂಬುವುದಿಲ್ಲ.

ಅರಸರ ಕಾರು ಉಳಿದ ಬಗೆ

ಇನ್ನು ಹಳೆಯ ಕಾರುಗಳನ್ನು ಉಳಿಸಿದವರ ಕಥೆ. ಇದರ ಮೂಲ ಇಂಗ್ಲೆಂಡಿನಲ್ಲಿದೆ. 1896ರ ನವೆಂಬರ್ 14ರಂದು, ಮೋಟಾರಿನ ವೇಗದ ಮೇಲಿದ್ದ ಕಟ್ಟುನಿಟ್ಟು ಸಡಿಲವಾದ ಸಂತೋಷಕ್ಕೆ ಲಂಡನ್ನಿನಿಂದ ಬ್ರೈಟನ್ನಿಗೆ ಕಾರುಗಳು ಓಡಿದವು. 1927ರಿಂದ ಆ ಓಟವನ್ನು ಹಳೆಯ ಕಾರುಗಳಲ್ಲೇ ನೆನಪಿಗಾಗಿ ನಡೆಸಲಾರಂಭಿಸಿದರು. 1930ರಲ್ಲಿ ಅಲ್ಲಿ ವೆಟರನ್ ಕಾರ್ ಕ್ಲಬ್ ಹುಟ್ಟಿತು. ಅವರ ಲೆಕ್ಕದಲ್ಲಿ 1918ರ ತನಕದ್ದು ವೆಟರನ್, 1919ರಿಂದ 1930ರ ತನಕದ್ದು ವಿಂಟೇಜ್. ನಮ್ಮಲ್ಲಿ ಹಳೆಯದೆಲ್ಲ ವಿಂಟೇಜೇ.

ಭಾರತದಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆ 1964ರಲ್ಲಿ ದಿಲ್ಲಿಯಲ್ಲಿ ಹಳೆಯ ಕಾರುಗಳ ರ‍್ಯಾಲಿ ಏರ್ಪಡಿಸಿತು. ಅಂಥ ರ‍್ಯಾಲಿಗಳಿಂದ ಒಂದು ಉಪಕಾರವಾಯಿತು: ಕೊಟ್ಟಿಗೆಯಲ್ಲಿ ಕೋಳಿ ಗೂಡಾಗಿದ್ದ ಗಾಡಿಗೂ ಬೆಲೆಯುಂಟೆಂದು ಜನಕ್ಕೆ ತಿಳಿಯಿತು. ಇದರಿಂದ ಇನ್ನೊಂದು ಅಪಾಯವೂ ಬಂತು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನ ರದ್ದಾಯಿತು. ಅರಮನೆಗಳ ಖರ್ಚು ತೂಗಿಸಲಾರದೆ ಮಾರಾಟಕ್ಕೆ ಬಂದ ರೋಲ್ಸ್ ರಾಯ್ಸ್ ಮೊದಲಾದವುಗಳಿಗೆ ಹೊರದೇಶದ ಗಿರಾಕಿಗಳು ಕಾದಿದ್ದರು. "ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು" ಎಂಬಂತೆ, ಓಡದಿದ್ದ ರೋಲ್ಸ್ ರಾಯ್ಸಿಗೂ ಬೆಲೆಯಿತ್ತು. ಕಡೆಗೆ, 1950ರ ಜನವರಿ 1ಕ್ಕೆ ಮೊದಲು ತಯಾರಾದ ಕಾರುಗಳನ್ನೂ ಅವುಗಳ ಬಿಡಿಭಾಗಗಳನ್ನೂ ಹೊರದೇಶಕ್ಕೆ ಸಾಗಿಸುವುದಕ್ಕೆ ಸರಕಾರ ನಿರ್ಬಂಧ ಹಾಕಿತು. ಮುಂಬಯಿಯಲ್ಲಿ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ, ಬೆಂಗಳೂರಿನಲ್ಲಿ ಕರ್ನಾಟಕ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಮುಂತಾದ ಸಂಘಗಳು ಬೆಳೆದವು. ಮುಂಬಯಿಯ ಪ್ರಾಣಲಾಲ ಭೋಗೀಲಾಲರು ಕೂಡಿಸಿದ ನೂರಕ್ಕೂ ಹೆಚ್ಚು ಗಾಡಿಗಳು ಅಹಮದಾಬಾದಿನ ಹತ್ತಿರದ ಕಠವಾಡದಲ್ಲಿ ವಸ್ತುಸಂಗ್ರಹಾಲಯವಾದವು.

ನಮ್ಮ ನಾಡಿನಲ್ಲಿ ಈ ಕೆಲಸವನ್ನು ದೊಡ್ಡದಾಗಿ ಮಾಡಿದವರು ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು. ಮಂಜುನಾಥನ ದರ್ಶನಕ್ಕೆ ಹೋದ ಮುಂಬಯಿ ಕನ್ನಡಿಗರಲ್ಲಿ ಅಲ್ಲಿನ ಕಾರುಗಳ ಸಂಗ್ರಹವನ್ನು ನೋಡಿ ಬೆರಗಾದವರು ಎಷ್ಟೋ ಮಂದಿ. ಇತ್ತೀಚಿನ ವರ್ಷಗಳಲ್ಲಿ ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ, ಶ್ರೀರಂಗಪಟ್ಟಣದ ಬಳಿ, "ಪಯಣ" ಎಂಬ ಹೆಸರಿನ ಕಾರು ವಸ್ತುಸಂಗ್ರಹಾಲಯವನ್ನೂ ಅವರು ತೆರೆದಿದ್ದಾರೆ. ಶಾಲೆಯ ಮಕ್ಕಳು ಟಿಕೇಟು ಪಡೆದು ಒಳಗೆ ಹೋಗಿ ನೋಡಬಹುದಾದ ಕಾರು ಒಬ್ಬ ಶ್ರೀಮಂತನ ಷೋಕಿಯಾಗಿ ಉಳಿಯುವುದಿಲ್ಲ. ಅದು ಊರಿನ ಆಸ್ತಿಯಾಗುತ್ತದೆ.

ಅರಸರ ಕಾರು ಉಳಿಯುವುದಕ್ಕೆ ಯಂತ್ರಶಾಸ್ತ್ರದ ಕಾರಣವೂ ಒಂದಿದೆ. ಆ ಕಾಲದ ದೊಡ್ಡ ಕಾರುಗಳಿಗೆ ಗಟ್ಟಿ ಉಕ್ಕಿನ ಚಾಸಿ ಬೇರೆ, ಅದರ ಮೇಲೆ ಕೂರಿಸಿದ ಬಾಡಿ ಬೇರೆ. ಬಾಡಿ ಹಾಳಾದರೆ ಎತ್ತಿ ತೆಗೆದು ಹೊಸದು ಕಟ್ಟಿಸಬಹುದು. ಎಷ್ಟೋ ಬಾಡಿಗಳು ಅಲ್ಯುಮಿನಿಯಂ ತಗಡಿನವು. ಅದಕ್ಕೆ ಕಬ್ಬಿಣದಂತೆ ತುಕ್ಕು ಹಿಡಿಯುವುದಿಲ್ಲ. ಫಿಯೆಟ್–ಪದ್ಮಿನಿಯ ರಚನೆ ಹಾಗಲ್ಲ. ತೆಳು ಉಕ್ಕಿನ ತಗಡನ್ನು ಬೆಸೆದು ಮಾಡಿದ ಪೆಟ್ಟಿಗೆಯೇ ಅದರ ಬಾಡಿ, ಅದೇ ಅದರ ಬೆನ್ನೆಲುಬು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಸೇರಿದರೆ ತುಕ್ಕು. ನೀರಿನಲ್ಲಿ ಉಪ್ಪು ಬೆರೆತರೆ ಅದು ವಿದ್ಯುತ್ತನ್ನು ಚೆನ್ನಾಗಿ ಹಾಯಿಸಿ ತುಕ್ಕಿನ ಕ್ರಿಯೆಯನ್ನು ತ್ವರೆಗೊಳಿಸುತ್ತದೆ. ಮುಂಬಯಿಯ ಗಾಳಿಯಲ್ಲಿ ಇವೆಲ್ಲ ಧಾರಾಳ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದರೆ ಇಡೀ ಗಾಡಿ ಬೆನ್ನು ಮುರಿದಂತಾಗುತ್ತದೆ. ಸಾಮಾನ್ಯರ ಕಾರಿಗೆ ಕಾವಲು ಹೆಚ್ಚು ಬೇಕು, ಸಿಕ್ಕದ್ದೋ ಕಡಿಮೆ.

ಕಾನೂನಿನಲ್ಲಿ ಸಿಕ್ಕ ಜಾಗ, ಸಿಗದ ಜಾಗ

ಕಾರು ಸಂಗ್ರಹಕಾರರ ಸಂಘಗಳು ಬಹುಕಾಲ ಕೇಳಿಕೊಂಡು ಬಂದದ್ದು ಒಂದೇ: ಹಳೆಯ ಕಾರನ್ನು ಹಾಳಾದ ಕಾರೆಂದು ಎಣಿಸಬೇಡಿ. ಈ ಬೇಡಿಕೆ ತುರ್ತಾದದ್ದು ದಿಲ್ಲಿಯಿಂದ. 10 ವರ್ಷ ದಾಟಿದ ಡೀಸೆಲ್ ಗಾಡಿ, 15 ವರ್ಷ ದಾಟಿದ ಪೆಟ್ರೋಲು ಗಾಡಿ ದಿಲ್ಲಿ ಸೀಮೆಯಲ್ಲಿ ಓಡಕೂಡದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆಜ್ಞೆ ಮಾಡಿತು. 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2021ರಲ್ಲಿ ದೇಶಕ್ಕೆಲ್ಲ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ನೀತಿ ಬಂತು.

ಅದೇ ವರ್ಷ ಜುಲೈ ತಿಂಗಳಲ್ಲಿ ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು "ವಿಂಟೇಜ್" ಎಂದು ಗುರುತಿಸಲಾಯಿತು. ಚಾಸಿ, ಬಾಡಿ, ಇಂಜಿನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹಳೆಯ ನಂಬರು ಇದ್ದರೆ ಅದನ್ನೇ ಇಟ್ಟುಕೊಳ್ಳಬಹುದು. ಹೊಸ ನೋಂದಣಿಗೆ "ವಿಎ" ಅಕ್ಷರಗಳ ಸಾಲು. ಶುಲ್ಕ 20 ಸಾವಿರ ರೂಪಾಯಿ, ಅವಧಿ 10 ವರ್ಷ, ಮರುನೋಂದಣಿಗೆ 5 ಸಾವಿರ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು ತುಂಬಿಸುವುದು, ದುರಸ್ತಿ ಇಂಥ ಕೆಲಸಗಳಿಗೆ ಮಾತ್ರ ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಇಲ್ಲ. ಸರಕಾರಿ ಕಾಗದ ಓದಿ ಅಭ್ಯಾಸವಿರುವ ನನಗೆ ಇದು ಒಳ್ಳೆಯ ಅಧಿಸೂಚನೆಯಾಗಿಯೇ ಕಂಡಿತು. ಹಳೆಯ ವಾಹನವೂ ಪರಂಪರೆಯ ಭಾಗವೆಂದು ಸರಕಾರ ಒಪ್ಪಿದ್ದು ಸಣ್ಣ ಮಾತಲ್ಲ.

ಆದರೆ 50 ವರ್ಷದ ಈ ಗೆರೆಯನ್ನು ಪದ್ಮಿನಿಗೆ ಹಚ್ಚಿ ನೋಡೋಣ. 1985ರಲ್ಲಿ ನೋಂದಣಿಯಾದ ಪದ್ಮಿನಿ ವಿಂಟೇಜ್ ಆಗುವುದು 2035ರಲ್ಲಿ. 2000ದಲ್ಲಿ ನೋಂದಣಿಯಾದದ್ದಕ್ಕೆ 2050 ಬರಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಈ ನವೀಕರಣದ ಶುಲ್ಕ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5 ಸಾವಿರವಾಯಿತು. 20 ವರ್ಷ ದಾಟಿದ ಕಾರುಗಳಿಗೆ 2025ರ ಆಗಸ್ಟಿನಿಂದ 10 ಸಾವಿರವಾಯಿತು. ಹೀಗೆ 15ನೆಯ ವರ್ಷದಿಂದ 50ನೆಯ ವರ್ಷದ ತನಕ 35 ವರ್ಷಗಳ ಒಂದು ಬರಡು ನೆಲವಿದೆ. ಅಲ್ಲಿ ಆ ಕಾರು ಹೊಸದೂ ಅಲ್ಲ, ಪರಂಪರೆಯೂ ಅಲ್ಲ. ಕಾಗದದ ಮೇಲೆ ಬರೀ ಹಳೆಯ ಗಾಡಿ. ಟ್ಯಾಕ್ಸಿಗಂತೂ ಈ ನೆಲವನ್ನು ದಾಟುವ ದಾರಿಯೇ ಇರಲಿಲ್ಲ. ಮುಂಬಯಿಯಲ್ಲಿ ಟ್ಯಾಕ್ಸಿಗಳ ವಯೋಮಿತಿ 2008ರಲ್ಲಿ 25 ವರ್ಷ, 2013ರಲ್ಲಿ 20 ವರ್ಷ ಎಂದಾಯಿತು. ಮಿತಿ ಮುಟ್ಟಿದ ಟ್ಯಾಕ್ಸಿಗಳು ಭಂಗಾರಕ್ಕೆ ಹೋದವು. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಗುಜರಿ ಅಂಗಡಿಗಳನ್ನು ನೋಡಿದವರಿಗೆ ಗೊತ್ತು: ಕುರ್ಲಾದಲ್ಲಿ ಹುಟ್ಟಿದ ಕಾರನ್ನು ಕಳಚಿ ಗುಡ್ಡೆ ಹಾಕುವ ಪೇಟೆಯೂ ಕುರ್ಲಾದಲ್ಲೇ.

ಬೇರೆ ದೇಶಗಳ ಲೆಕ್ಕವನ್ನೂ ನೋಡೋಣ. ಹಳೆಯ ವಾಹನಗಳ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 1966ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಕಾರ 30 ವರ್ಷ ದಾಟಿದ, ಸರಿಯಾಗಿ ಕಾಪಾಡಿದ, ದಿನದ ಓಡಾಟಕ್ಕೆ ಬಳಸದ ವಾಹನ ಐತಿಹಾಸಿಕ ವಾಹನ. ಜರ್ಮನಿಯಲ್ಲಿ 30 ವರ್ಷ ದಾಟಿದ ಒಳ್ಳೆಯ ಸ್ಥಿತಿಯ ಕಾರಿಗೆ 1997ರಿಂದ "ಎಚ್" ಅಕ್ಷರದ ನಂಬರು ಕೊಡುತ್ತಾರೆ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದರೆ ರಸ್ತೆ ತೆರಿಗೆಯಿಲ್ಲ. ನಮ್ಮದು 50. ನಮ್ಮ ಹವೆಯಲ್ಲಿ, ನಮ್ಮ ರಸ್ತೆಯಲ್ಲಿ, ತೆಳು ತಗಡಿನ ಒಂದು ಗಾಡಿಗೆ ಇದು ತೀರ ದೂರದ ದಡ.

ಇನ್ನೊಂದು ತೊಡಕು "ಮೂಲರೂಪ" ಎಂಬ ಪದದ್ದು. ಮುಂಬಯಿಯ ಟ್ಯಾಕ್ಸಿಗಳು ಕೋರ್ಟಿನ ಆಜ್ಞೆಗಳ ಬಳಿಕ ಸಿ.ಎನ್.ಜಿ. ಕಿಟ್ ಹಾಕಿಸಿಕೊಂಡವು; ಚಾಲಕರು ಸೀಟು ಹೊಲಿಸಿದರು, ಒಳಗಿನ ಮೇಲ್ಛಾವಣಿಗೆ ಹೂವಿನ ಬಟ್ಟೆ ಅಂಟಿಸಿದರು. ಇದು ಮೂಲರೂಪವೋ ಅಲ್ಲವೋ ಎಂದು ತಕರಾರು ಏಳಬಹುದು. ಫೀವಾದ ಟೂರಿನ್ ಸನ್ನದಿನ ನಿಲುವು ಉದಾರವಾದದ್ದು: ವಾಹನವು ತನ್ನ ದುಡಿಮೆಯ ಕಾಲದಲ್ಲಿ ಕಂಡ ಬದಲಾವಣೆಗಳು ಅದರ ಚರಿತ್ರೆಯ ಭಾಗವೇ. ಈ ನ್ಯಾಯದಲ್ಲಿ ನೋಡಿದರೆ ಆ ಹೂವಿನ ಬಟ್ಟೆಯೇ ಮುಂಬಯಿ ಟ್ಯಾಕ್ಸಿಯ ದಾಖಲೆ.

ಆಕ್ಷೇಪಗಳಿಗೆ ಉತ್ತರ

ಹಳೆಯ ಕಾರು ಹೊಗೆ ಉಗುಳುತ್ತದಲ್ಲ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಪದ್ಮಿನಿಯ ಕಾರ್ಬ್ಯುರೇಟರು ಇಂದಿನ ಇಂಜಿನುಗಳಂತೆ ಪೆಟ್ರೋಲನ್ನು ಅಳೆದು ಕೊಡಲಾರದು. ಹೊಗೆಯನ್ನು ಶುದ್ಧಿಮಾಡುವ ಸಾಧನವೂ ಅದಕ್ಕಿಲ್ಲ. ದಿಲ್ಲಿಯ ಚಳಿಗಾಲದ ಗಾಳಿ ಉಸಿರಾಡಿದವರು ಕಠಿಣ ಕಾನೂನು ಬೇಡವೆನ್ನಲಾರರು. ಸಾವಿರಾರು ಹಳೆಯ ಟ್ಯಾಕ್ಸಿಗಳು ದಿನವಿಡೀ ಓಡುತ್ತಲೇ ಇರಲಿ ಎಂದು ನಾನೂ ಹೇಳುವುದಿಲ್ಲ. ವರ್ಷಕ್ಕೆ ನಾಲ್ಕು ಭಾನುವಾರ ರಸ್ತೆಗಿಳಿಯುವ ಕೆಲವೇ ಗಾಡಿಗಳ ಲೆಕ್ಕ ಬೇರೆ, ದಿನಾಲು ನೂರು ಮೈಲಿ ಓಡುವ ಗಾಡಿಯ ಲೆಕ್ಕ ಬೇರೆ. 2021ರ ನಿಯಮ ಈ ವ್ಯತ್ಯಾಸವನ್ನು ಆಗಲೇ ಒಪ್ಪಿಕೊಂಡಿದೆ. ಅದೇ ಕಟ್ಟುಪಾಡಿನಲ್ಲಿ 30 ವರ್ಷದ ಕಾರಿಗೂ ಒಂದು ಮೆಟ್ಟಿಲು ಕಟ್ಟಿಕೊಡಿ ಎಂಬುದೇ ಬೇಡಿಕೆ.

ಎರಡನೆಯ ಆಕ್ಷೇಪ: ಇದು ಬಡವರ ಸಮಸ್ಯೆಯೇ? ಹಳೆಯ ಕಾರು ಉಳಿದರೆ ಅದರ ಜೊತೆ ಉಳಿಯುವುದು ಕೈಕಸುಬು. ತಗಡನ್ನು ಸುತ್ತಿಗೆಯಿಂದ ತಟ್ಟಿ ಆಕಾರ ಕೊಡುವ ಮಿಸ್ತ್ರಿ, ಕಾರ್ಬ್ಯುರೇಟರಿನ ಸದ್ದು ಕೇಳಿಯೇ ದೋಷ ಹೇಳುವ ಮೆಕ್ಯಾನಿಕ್, ಸಿಗದ ಭಾಗವನ್ನು ಲೇತಿನ ಮೇಲೆ ಕಡೆದು ಕೊಡುವ ಫಿಟ್ಟರು. ಇವರ ವಿದ್ಯೆ ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಕಲ್ಯಾಣ, ವಿಠ್ಠಲವಾಡಿ, ಉಲ್ಹಾಸನಗರದ ಸಣ್ಣ ಗ್ಯಾರೇಜುಗಳಲ್ಲಿ ತಲೆ ನರೆತ ಇಂಥವರು ಇನ್ನೂ ಸಿಗುತ್ತಾರೆ. ಅವರ ಹತ್ತಿರ ಕಲಿಯಲು ಹುಡುಗರು ಬರುತ್ತಿಲ್ಲ. ಇದರ ಮೇಲೆ ಹೊಸ ತೊಂದರೆಯೂ ಇದೆ. ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲು 2025ರ ಹೊತ್ತಿಗೆ ದೇಶವಿಡೀ ಹರಡಿತು. ಎಥನಾಲ್ ನೀರಿನಂಶವನ್ನು ಹೀರಿಕೊಳ್ಳುವ ದ್ರವ. ಹಳೆಯ ರಬ್ಬರಿನ ಕೊಳವೆ, ವಾಷರುಗಳನ್ನು ಮೆತ್ತಗಾಗಿಸಿ ಕೆಡಿಸುತ್ತದೆ. ಬಲ್ಲ ಮಿಸ್ತ್ರಿ ಇಲ್ಲದಿದ್ದರೆ ಹಳೆಯ ಕಾರು ಬಳಸದೆಯೇ ಹಾಳಾಗುತ್ತದೆ.

ನಾವು ಮಾಡಬಹುದಾದದ್ದು

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಪದ್ಮಿನಿ ನಮ್ಮ ಹಿತ್ತಲ ಗಿಡ. ಎಲ್ಲೆಲ್ಲೂ ಇತ್ತು, ಆದ್ದರಿಂದಲೇ ಯಾರೂ ಎತ್ತಿ ಇಡಲಿಲ್ಲ. ಅರಮನೆಯ ಕಾರನ್ನು ನೋಡಿದ ನೂರಾರು ಜನರ ಬಳಿ ಅದರ ಚಿತ್ರವಿದೆ. ಲಕ್ಷಾಂತರ ಜನ ಕೂತ ಟ್ಯಾಕ್ಸಿಯ ಮೀಟರು ಪೆಟ್ಟಿಗೆ ಇಂದು ಹುಡುಕಿದರೆ ಎಷ್ಟು ಕಡೆ ಸಿಕ್ಕೀತು?

ನಮ್ಮ ಸಂಘದ ಸದಸ್ಯರು ಕಾರು ಕೊಂಡು ಸಂಗ್ರಹಿಸಬೇಕೆಂದು ನಾನು ಹೇಳುತ್ತಿಲ್ಲ. ನಮ್ಮ ಚಾಳು, ಫ್ಲ್ಯಾಟುಗಳಲ್ಲಿ ಸೈಕಲ್ ನಿಲ್ಲಿಸಲು ಜಾಗವಿಲ್ಲ. ಆದರೂ ನಾಲ್ಕು ಕೆಲಸ ಆಗಬಹುದು. ಯಾರ ಮನೆಯಲ್ಲಾದರೂ ಹಳೆಯ ಫಿಯೆಟ್ ಅಥವಾ ಪದ್ಮಿನಿ ನಿಂತಿದ್ದರೆ, ಭಂಗಾರದವನನ್ನು ಕರೆಯುವ ಮೊದಲು ಕಾರು ಕ್ಲಬ್ಬಿನವರಿಗೊಂದು ಮಾತು ತಿಳಿಸಬಹುದು. ಹಳೆಯ ಆರ್.ಸಿ. ಪುಸ್ತಕ, ಬುಕಿಂಗ್ ರಸೀತಿ, ಕಾರಿನ ಮುಂದೆ ತೆಗೆಸಿಕೊಂಡ ಫೋಟೋಗಳನ್ನು ಹರಿದು ಹಾಕದೆ ಇಡಬಹುದು. ಕಾರು ಹೋದರೂ ಕಾಗದ ಮಾತಾಡುತ್ತದೆ. ಕುರ್ಲಾ, ಡೊಂಬಿವಲಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದ ನಮ್ಮವರು ಯಾರಾದರೂ ಇದ್ದರೆ, ಅವರ ಅನುಭವವನ್ನು ಕೇಳಿ ಈ ಪತ್ರಿಕೆಯಲ್ಲೇ ಬರೆಸಬಹುದು. ಕೊನೆಯದಾಗಿ, 30 ವರ್ಷ ದಾಟಿದ ಕಾರುಗಳಿಗೆ ಒಂದು ರಿಯಾಯಿತಿಯ ವರ್ಗ ಬೇಕು, ಮುಂಬಯಿಯಲ್ಲಿ ಸಾರ್ವಜನಿಕರು ನೋಡುವಂತೆ ಒಂದು ಕಾಳಿ–ಪೀಲಿ ಪದ್ಮಿನಿಗೆ ಕಾಯಂ ನೆಲೆ ಬೇಕು ಎಂದು ಸಂಘದ ವತಿಯಿಂದ ಸಾರಿಗೆ ಇಲಾಖೆಗೆ ಒಂದು ಮನವಿ ಕಳಿಸಬಹುದು. ಅಂಥ ಮನವಿಗಳು ಮೇಜಿನಿಂದ ಮೇಜಿಗೆ ಹೇಗೆ ಹೋಗುತ್ತವೆಂದು ಗುಮಾಸ್ತನಾದ ನನಗೆ ಗೊತ್ತು. ಒಂದೇ ಪತ್ರ ಬಂದರೆ ಫೈಲಿನಲ್ಲಿ ಮಲಗುತ್ತದೆ. ಹತ್ತು ಸಂಘಗಳಿಂದ ಹತ್ತು ಪತ್ರ ಬಂದರೆ ಯಾರಾದರೊಬ್ಬರು ಅದರ ಮೇಲೆ ಟಿಪ್ಪಣಿ ಬರೆಯಲೇಬೇಕಾಗುತ್ತದೆ.

ಆ ಮನವಿಯಲ್ಲಿ ಒಂದು ಸಾಲು ಕನ್ನಡಿಗರಾದ ನಾವೇ ಸೇರಿಸಬೇಕು. ಈ ದೇಶ ತನ್ನ ಕಾರನ್ನು ತಾನೇ ಮಾಡಿಕೊಳ್ಳಬೇಕೆಂದು ಮುಂಬಯಿಯಲ್ಲಿ ಮೊದಲು ಲೆಕ್ಕ ಹಾಕಿ ತೋರಿಸಿದವರು ವಿಶ್ವೇಶ್ವರಯ್ಯನವರು ಎಂಬುದೇ ಆ ಸಾಲು. ಆ ಕಾರು ಎಲ್ಲಿ ನಿಂತರೂ ಅದರ ಪಕ್ಕದ ಫಲಕದಲ್ಲಿ ಅವರ ಹೆಸರೂ ಇರಲಿ.